ಹೊರಗಿನ ಚಿಲಕ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಓಡುವುದು ಬಾಗಿಲಿನ ಚಿಲಕದ ಕಡೆಗೆ. ಮನೆಯವರು ಪಾಪ, ಗೋಡೆಗೆ ಹೊಸದಾಗಿ ಹೊಡೆಸಿದ ಬಣ್ಣವನ್ನೋ ಮಗಳ ಮದುವೆಯ ಆಲ್ಬಮ್ಮನ್ನೋ ತೋರಿಸುತ್ತಿರುತ್ತಾರೆ. ನಾನು ಹೂಂಗುಟ್ಟುತ್ತಲೇ, ಅವರ ಕೋಣೆಯ ಬಾಗಿಲಿಗೆ ಹೊರಗಡೆಯೂ ಚಿಲಕ ಇದೆಯೇ ಎಂದು ಓರೆಗಣ್ಣಿನಲ್ಲಿ ಹುಡುಕುತ್ತಿರುತ್ತೇನೆ. ಒಳಗಿನ ಚಿಲಕದ ಮೇಲೆ ನನ್ನದೇನೂ ತಕರಾರಿಲ್ಲ. ಮನುಷ್ಯ ಅಂದಮೇಲೆ ಬಟ್ಟೆ ಬದಲಾಯಿಸಬೇಕು, ಒಮ್ಮೊಮ್ಮೆ ಅಳಬೇಕು, ನೆಂಟರು ಬಂದಾಗ ಅಡಗಿಕೊಳ್ಳಲೂ ಬೇಕು. ಅದಕ್ಕೆಲ್ಲ ಒಳಗಿನ ಚಿಲಕ ಇರಲೇಬೇಕು. ಹೊರಗಿನದು ಕಂಡರೆ ಮಾತ್ರ ಕುಂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಒಮ್ಮೆ ಚುನಾವಣೆಯ ತರಬೇತಿಗೆಂದು ತುಮಕೂರಿಗೆ ಹೋದಾಗ ಲಾಡ್ಜಿನ ಮ್ಯಾನೇಜರನ್ನು, "ಹೊರಗಡೆ ಚಿಲಕ ಇಲ್ಲದ ರೂಮು ಇದ್ದರೆ ಕೊಡಿ" ಎಂದು ಕೇಳಿಬಿಟ್ಟಿದ್ದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಚಿಲಕ ಇಲ್ದಿದ್ರೆ ನೀವು ಆಚೆ ಹೋಗುವಾಗ ಬೀಗ ಎಲ್ಲಿಗೆ ಹಾಕ್ತೀರಾ?" ಎಂದ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ತಲೆ ನರೆಸಿಕೊಂಡವನು, ನಿವೃತ್ತಿಯ ಹೊಸ್ತಿಲಲ್ಲಿರುವವನು, ಬೀಗ ಎಲ್ಲಿಗೆ ಹಾಕುತ್ತಾರೆಂಬ ಪ್ರಶ್ನೆಗೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನನ್ನ ಹೆಂಡತಿ ಗಿರಿಜ ಇದನ್ನು ಈಗಲೂ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. "ಹೋದ ಜನ್ಮದಲ್ಲಿ ಇವರು ಕಳ್ಳ ಆಗಿದ್ರೋ ಜೈಲಿನ ಪೋಲೀಸು ಆಗಿದ್ರೋ ಗೊತ್ತಿಲ್ಲ ಕಣಮ್ಮ, ಎರಡರಲ್ಲಿ ಒಂದು" ಎನ್ನುತ್ತಾಳೆ.

ಈಗ ನಗುವ ಹಾಗಿಲ್ಲ. ಹೋದ ತಿಂಗಳ ಒಂದು ಶನಿವಾರ ನಮ್ಮದೇ ಮನೆಯ ಒಂದು ಬಾಗಿಲಿಗೆ ಬಡಗಿ ಬಂದು ಹೊರಗಡೆಯಿಂದ ಚಿಲಕ ಹಾಕಿ ಹೋದ. ಸ್ಟೀಲಿನದು, ಪಳಪಳ ಹೊಳೆಯುತ್ತಿತ್ತು. ಅದು ಚಿಕ್ಕಮ್ಮನ ಕೋಣೆಯ ಬಾಗಿಲು.

ಚಿಕ್ಕಮ್ಮ ಅಂದರೆ ನಮ್ಮ ಚಿಕ್ಕಪ್ಪನ ಹೆಂಡತಿ ಅಂಜಿನಮ್ಮ. ಮಕ್ಕಳಿಲ್ಲ. ನಾನು ಹೈಸ್ಕೂಲು ಓದಿದ್ದು ಈಗ ನಾವಿರುವ ಇದೇ ಮಧುಗಿರಿಯಲ್ಲಿ, ಅವರಿಬ್ಬರ ಬಾಡಿಗೆ ಮನೆಯಲ್ಲಿದ್ದುಕೊಂಡು, ಅವಳು ಹಾಕಿದ ಮುದ್ದೆ ತಿಂದುಕೊಂಡು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗಿದ್ದಾಳೆ. ಗಿರಿಜಳಿಗೆ ಅವಳೇ ಅತ್ತೆ, ನನ್ನ ಮಗಳು ಸಿಂಚನಳಿಗೆ ಅವಳೇ ಅಜ್ಜಿ. ಈಚೆಗೆ ಅವಳಿಗೆ ಮರೆವು. ಮೊದಲು ಕನ್ನಡಕ ಇಟ್ಟ ಜಾಗ ಮರೆತಳು, ಆಮೇಲೆ ಉಂಡದ್ದು ಮರೆತಳು, ಆಮೇಲೆ ನಮ್ಮ ಹೆಸರುಗಳು ಹೋದವು, ಕೊನೆಗೆ ಕನ್ನಡವೇ ಹೊರಟುಹೋಯಿತು. ಅರ್ಧ ಶತಮಾನ ಆಡಿದ ಭಾಷೆ ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ ಸದ್ದಿಲ್ಲದೆ ಹೋಯಿತು. ಉಳಿದದ್ದು ಅವಳು ಹುಟ್ಟಿದೂರಿನ ತೆಲುಗು. ನನ್ನನ್ನು ಈಗ ಅವಳು 'ನಾಯನಾ' ಎನ್ನುತ್ತಾಳೆ. ಆ ಕಡೆ ಚಿಕ್ಕವರನ್ನೆಲ್ಲ ಪ್ರೀತಿಯಿಂದ ಹಾಗೇ ಕರೆಯುತ್ತಾರೆ. ಹೆಸರು ಬೇಕಾಗುವುದಿಲ್ಲ.

ಮಧ್ಯಾಹ್ನ ನಾನು ಶಾಲೆಯಲ್ಲಿರುತ್ತೇನೆ. ಗಿರಿಜ ನಡುಮನೆಯಲ್ಲಿ ಮಿಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ಕೋಣೆಯಲ್ಲಿ ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಏನೋ ಕೇಳುತ್ತಾಳೆ, ಸ್ವಲ್ಪ ಹೊತ್ತು ಕಾಯುತ್ತಾಳೆ. ಮತ್ತೆ ಕೇಳುತ್ತಾಳೆ, ಮತ್ತೆ ಕಾಯುತ್ತಾಳೆ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾಳೆ, ನೇರ ಬಸ್ ಸ್ಟ್ಯಾಂಡಿಗೆ. ಪಾವಗಡದ ಬಸ್ಸು ನಿಲ್ಲುವ ಜಾಗ ಮಾತ್ರ ಅವಳಿಗೆ ಮರೆತಿಲ್ಲ. ಒಂದು ಸಲ ಮಿಡಿಗೇಶಿಯವರೆಗೂ ಹೋಗಿಬಿಟ್ಟಿದ್ದಳು. ಕಂಡಕ್ಟರೇ ಗುರುತು ಹಿಡಿದು ಎದುರು ಬಸ್ಸಿಗೆ ಹತ್ತಿಸಿ ಕಳಿಸಿದ. ಇನ್ನೊಂದು ಸಲ ಕೋರ್ಟಿನ ಮುಂದೆ ರಸ್ತೆ ದಾಟುವಾಗ ಲಾರಿ ಬ್ರೇಕು ಹಾಕಿದ ಸದ್ದು ನಮ್ಮ ಬೀದಿಗೆ ಕೇಳಿಸಿತಂತೆ. ಅವತ್ತು ಗಿರಿಜ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಓಡಿದ್ದಳು.

"ನಾನು ಮನುಷ್ಯಳೇ ಕಣ್ರೀ. ಸೂಜಿಗೆ ದಾರ ಪೋಣಿಸೋಷ್ಟು ಹೊತ್ತಿಗೆ ಆಯಮ್ಮ ಆಚೆ ಇರ್ತಾರೆ. ನಾಳೆ ಏನಾರಾ ಆದ್ರೆ ಊರೆಲ್ಲ ಏನಂತೈತೆ? ಸೋಮವಾರದಿಂದ ಮಧ್ಯಾಹ್ನದೊತ್ತು ಚಿಲಕ ಹಾಕಣ. ಬರೀ ಮಧ್ಯಾಹ್ನ" ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನಗೂ ಬೇರೆ ದಾರಿ ಕಾಣಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರ ಮನೆಗೆ ಕೊನೆಗೆ ಬರುವವನು ಬಡಗಿಯೇ. "ಆಯ್ತು" ಎಂದೆ. ಹಾಗೆ ಅಂದೆನೇನೋ ನಿಜ, ಚಿಲಕ ಬಂದ ಮರುದಿನ ಭಾನುವಾರ ಬೆಳಗ್ಗೆಯಿಂದ ಏನೂ ಕೆಲಸವಿಲ್ಲದೆ ಮನೆಯೆಲ್ಲ ಸುತ್ತುತ್ತಿದ್ದೆ. ನಲ್ಲಿ ನಿಲ್ಲಿಸಿದೆನೇ ಎಂದು ನೋಡಿದೆ, ನಿಲ್ಲಿಸಿದ್ದೆ. ಗ್ಯಾಸು ನೋಡಿದೆ. ಪೇಪರಿನ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ. ಕಣ್ಣು ತಿರುಗಿ ತಿರುಗಿ ಆ ಚಿಲಕಕ್ಕೇ ಹೋಗುತ್ತಿತ್ತು.

ಮಧ್ಯಾಹ್ನ ಹುರುಳಿಕಾಳಿನ ಸಾರು ಮುದ್ದೆ ಉಂಡು ಕೂತಾಗ, ಸಿಂಚನ ತನ್ನ ಮೊಬೈಲನ್ನು ಟಿವಿಗೆ ಜೋಡಿಸಿ ಒಂದು ಸಿನಿಮಾ ಹಾಕಿದಳು. ಅವಳು ತುಮಕೂರಿನಲ್ಲಿ ಡಿಗ್ರಿ ಓದುತ್ತಾಳೆ, ಮನಶ್ಶಾಸ್ತ್ರ ಒಂದು ವಿಷಯ. ವಾರದ ಕೊನೆಗೆ ಮನೆಗೆ ಬಂದಾಗ ನಮ್ಮೆಲ್ಲರ ಮನಸ್ಸನ್ನೂ ಒಂದೊಂದಾಗಿ ಬಿಚ್ಚಿ ನೋಡಿ, ಸರಿಯಾಗಿ ಮಡಿಸದೆ ಹೋಗುತ್ತಾಳೆ. "ಸೈಕಲಾಜಿಕಲ್ ಥ್ರಿಲ್ಲರ್ ಅಪ್ಪಾ. ಕೊನೇಲಿ ದೊಡ್ಡ ಟ್ವಿಸ್ಟ್ ಇದೆ, ಎದ್ದು ಹೋಗ್ಬೇಡಿ" ಎಂದಳು. ಚಿಕ್ಕಮ್ಮನನ್ನೂ ಕರೆತಂದು ದಿವಾನದ ಮೇಲೆ ಕೂರಿಸಿದಳು. ಗಿರಿಜ ಬ್ಲೌಸಿಗೆ ಹುಕ್ಸು ಹಾಕುತ್ತ ಗೋಡೆಗೊರಗಿದಳು.

ಕತೆ ಇಷ್ಟು: ಹಳೆಯ ಬಂಗಲೆ. ಅದರೊಳಗೆ ಒಬ್ಬಳೇ ಹೆಂಗಸು. ಹೊರಗಿನಿಂದ ಬೀಗ. ಬೀಗ ಹಾಕಿದವನ ಮುಖ ತೋರಿಸುವುದಿಲ್ಲ, ಬೂಟು ತೋರಿಸುತ್ತಾರೆ, ಕೀಗೊಂಚಲಿನ ಸದ್ದು ಕೇಳಿಸುತ್ತಾರೆ. ಹೆಂಗಸು ಕನ್ನಡಿಯ ಮುಂದೆ ಕೂತು ತನ್ನ ಜೊತೆಗೇ ಮಾತಾಡುತ್ತಾಳೆ. ಮೊದಲು ಒಂದು ದನಿಯಲ್ಲಿ, ಆಮೇಲೆ ಇನ್ನೊಂದು ದನಿಯಲ್ಲಿ. ಒಂದು ದನಿ ಮೆತ್ತಗೆ, ಇನ್ನೊಂದು ಗಡಸು.

"ಒಂದೇ ಮೈಯಲ್ಲಿ ಇಬ್ಬರು ಅಪ್ಪಾ. ಮನಸ್ಸು ಒಡೆದು ಎರಡಾಗಿದೆ" ಎಂದು ಸಿಂಚನ ವಿವರಿಸಿದಳು.

ನಾನು ಎದ್ದು ಅಡುಗೆಮನೆಗೆ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದೆ.

ನಿಮಗೆ ಹೇಳದೆ ಏನು. ಒಂದೇ ಮೈಯಲ್ಲಿ ಇಬ್ಬರನ್ನು ನೋಡಲು ನಾನು ಸಿನಿಮಾದವರೆಗೆ ಹೋಗಬೇಕಾಗಿರಲಿಲ್ಲ. ಕೊರಟಗೆರೆ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ, ರಾಗಿ ಚೀಲ ಇಡುವ ಕತ್ತಲ ಕೋಣೆಯಲ್ಲಿ, ನನಗೆ ಬುದ್ಧಿ ತಿಳಿಯುವ ಹೊತ್ತಿಗೇ ಅಂಥವರೊಬ್ಬರಿದ್ದರು. ಅದು ಈ ನಮ್ಮ ಚಿಕ್ಕಮ್ಮನೇ.

ಅವಳ ತವರು ಪಾವಗಡ ತಾಲ್ಲೂಕಿನ ಬಲಸಮುದ್ರ. ಹೆಣ್ಣು ನೋಡಲು ಹೋದಾಗ ನಮ್ಮ ತಾತ ಒಂದೇ ಒಂದು ಷರತ್ತು ಹಾಕಿದ್ದನಂತೆ. ವರದಕ್ಷಿಣೆ ಬೇಡ, ಒಡವೆ ಬೇಡ, ಮನೆಮಾತು ಮಾತ್ರ ಕನ್ನಡವಾಗಿರಬೇಕು. ತೆಲುಗಿನ ಮೇಲೆ ತಾತನಿಗೆ ಏನು ಸಿಟ್ಟೋ ಕಾಣೆ, ಯಾವುದೋ ಸಂತೆಯಲ್ಲಿ ಎತ್ತಿನ ವ್ಯಾಪಾರದಲ್ಲಿ ಟೋಪಿ ಬಿದ್ದಿತ್ತು ಎನ್ನುತ್ತಾರೆ. ಹೆಣ್ಣಿನ ಅಪ್ಪ, "ಪಾವಗಡ ಕನ್ನಡನಾಡೇ ಅಲ್ವರಾ ಸ್ವಾಮಿ, ನಮ್ಮನೇಲಿ ಆಡೋದು ಕನ್ನಡಾನೇ" ಎಂದು ಆಣೆ ಮಾಡಿದ. ಮೊದಲರ್ಧ ನಿಜ. ಎರಡನೆಯರ್ಧಕ್ಕಾಗಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಅವಳ ತಲೆ ಮುಟ್ಟಿ, ಅಲ್ಲಿ ಸತ್ತರೂ ತೆಲುಗಿನಲ್ಲಿ ಬಾಯಿ ಬಿಡಬೇಡ ಎಂದು ಮಾತು ತೆಗೆದುಕೊಂಡಳು.

ಹುಡುಗಿ ಮಾತು ಉಳಿಸಿಕೊಂಡಳು. ಗೊತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ 'ಹೂಂ ಅತ್ತೆ', 'ಆಯ್ತು ಅತ್ತೆ' ಎಂದುಕೊಂಡು ದಿನವೆಲ್ಲ ದುಡಿದಳು. ಎಲ್ಲರೂ ಹೊಲಕ್ಕೆ ಹೋಗಿ ತಾನೊಬ್ಬಳೇ ಉಳಿದಾಗ ರಾಗಿ ಚೀಲದ ಕೋಣೆಯಲ್ಲಿ ಕೂತು ತೆಲುಗಿನಲ್ಲಿ ಮಾತಾಡಿಕೊಂಡಳು. ಅದೂ ಎರಡು ದನಿಯಲ್ಲಿ. ಒಂದು ಸಣ್ಣ ದನಿ ಕೇಳುತ್ತಿತ್ತು, ಒಂದು ದಪ್ಪ ದನಿ ಹೇಳುತ್ತಿತ್ತು, ಮಧ್ಯೆ ಮಧ್ಯೆ ಇಬ್ಬರೂ ನಗುತ್ತಿದ್ದರು. ಒಂದು ದಿನ ಮೊಣಕಾಲು ನೋವೆಂದು ಹೊಲದಿಂದ ಬೇಗ ಬಂದ ಅಜ್ಜಿ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು. ಬೀದಿಗೆ ಓಡಿಬಂದು, ಎದೆ ಬಡಿದುಕೊಂಡು ಹೇಳಿದಳು:

"ಒಳಗೆ ಇಬ್ರವ್ರೆ ಕಣ್ರೋ."

ಅಜ್ಜಿಯ ತರ್ಕದಲ್ಲಿ ದೋಷವಿರಲಿಲ್ಲ. ಸೊಸೆಗೆ ತೆಲುಗು ಬರುವುದಿಲ್ಲ, ಬೀಗರು ಆಣೆ ಮಾಡಿದ್ದಾರೆ. ಸೊಸೆಯ ಬಾಯಲ್ಲಿ ತೆಲುಗು ಬಂದಿದೆ. ಅಂದಮೇಲೆ ಮಾತಾಡಿದ್ದು ಸೊಸೆಯಲ್ಲ. ಊರಾಚೆ ಬಾವಿ ತೋಡಲು ಬಂದಿದ್ದ ಗುಂಪಿನ ತೆಲುಗು ಹೆಂಗಸೊಬ್ಬಳು ಹಿಂದೆ ಯಾವಾಗಲೋ ಜ್ವರ ಬಂದು ಸತ್ತಿದ್ದಳಂತೆ. ಅಲ್ಲಿಗೆ ದೆವ್ವಕ್ಕೆ ಊರು, ಜಾಗ ಎಲ್ಲ ಸಿಕ್ಕಿತು. ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಇಳಿ ತೆಗೆಸಿದರು. ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಎರಡು ದನಿ ಕೇಳಿಸಿದಾಗಲೆಲ್ಲ, ಅವಳನ್ನು ಅದೇ ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕುವುದು ರೂಢಿಯಾಯಿತು. ಆ ಕಾಲದ ಚಿಲಕ ಅಂದರೆ ಬಾಗಿಲಿಗೆ ಒಂದು ಸರಪಳಿ, ಅದರ ತುದಿಯ ಬಳೆಯನ್ನು ಬಾಗಿಲವಾಡದ ಮೇಲ್ಗಡೆಯ ಕೊಂಡಿಗೆ ಸಿಕ್ಕಿಸುವುದು. ನನಗೆ ಅದು ಎಟುಕುತ್ತಿರಲಿಲ್ಲ. ಅಜ್ಜಿ ತೆಗೆದರೆ ನಾನು ಊಟದ ತಟ್ಟೆ ಒಳಗೆ ತಳ್ಳಿ ಓಡಿಬರುತ್ತಿದ್ದೆ.

ಚಿಕ್ಕಮ್ಮ ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಅಪ್ಪ ಸುಳ್ಳುಗಾರನಾಗುತ್ತಿದ್ದ. ಸುಳ್ಳುಗಾರನ ಮಗಳಾಗುವುದಕ್ಕಿಂತ ದೆವ್ವ ಹಿಡಿದವಳಾಗುವುದು ವಾಸಿ ಎಂದು ಆ ಹುಡುಗಿ ಒಳಗೊಳಗೇ ತೀರ್ಮಾನ ಮಾಡಿಕೊಂಡಿರಬೇಕು.

ಆದರೆ ಒಂದು ವಿಚಿತ್ರವಿತ್ತು, ಅದೇ ದೆವ್ವಕ್ಕೆ ದೊಡ್ಡ ಸಾಕ್ಷಿ. ಎಷ್ಟೋ ಸಲ ಸಂಜೆ ಎಲ್ಲರೂ ಹೊಲದಿಂದ ಬಂದಾಗ ಚಿಲಕ ತಾನಾಗೇ ಬಿಚ್ಚಿಕೊಂಡು ಜೋತಾಡುತ್ತಿತ್ತು. ಬಾಗಿಲು ಮಾತ್ರ ಮುಂದೆ ಮಾಡಿರುತ್ತಿತ್ತು. ಚಿಕ್ಕಮ್ಮ ಒಳಗೇ, ರಾಗಿ ಚೀಲದ ಮೇಲೆ, ಕೂತಲ್ಲೇ ಕೂತಿರುತ್ತಿದ್ದಳು. ಅಷ್ಟೇ ಅಲ್ಲ, ಕರುವಿಗೆ ನೀರು ಇಟ್ಟಾಗಿರುತ್ತಿತ್ತು. ಮೋಡ ಆಗಿದ್ದರೆ ಅಂಗಳದಲ್ಲಿ ಒಣಹಾಕಿದ ಹುರುಳಿ ಒಳಗೆ ಬಂದಿರುತ್ತಿತ್ತು. ಇಷ್ಟೊಂದು ಮನೆಗೆಲಸ ಮಾಡುವ ದೆವ್ವವನ್ನು ಬೇರೆ ಯಾರಾದರೂ ಆಗಿದ್ದರೆ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಅಜ್ಜಿ ಮಾತ್ರ ನನಗೆ ಗುಟ್ಟಾಗಿ ಹೇಳುತ್ತಿದ್ದಳು: "ಬುಟ್ಟಿದ್ರೂ ಓಡೋಗ್ಲಿಲ್ಲ ನೋಡ್ಲಾ. ಮನುಸ್ರಾಗಿದ್ರೆ ಓಡೋಗ್ತಿರ್ಲಿಲ್ವಾ? ಅದು ಗಾಳೀನೇ ಕಣ್ಲಾ."

ಆ ದೆವ್ವದ ಮಾತು ನನಗೆ ಬಾಯಿಪಾಠವಾಗಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಅದರಲ್ಲಿ ಶಕ್ತಿಯಿದೆ ಎಂಬ ನಂಬಿಕೆಯಿಂದ ಗೋಲಿಯಾಡುವಾಗ, ಗುರಿ ಇಡುವ ಮೊದಲು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ: "ಏಮಿ ವಂಡಿನಾವಕ್ಕಾ? ಸಂಗಟಿ, ಪಪ್ಪು." ಗೋಲಿ ತಗಲುತ್ತಲೂ ಇತ್ತು. ನಮ್ಮೂರಿನ ಹುಡುಗರೆಲ್ಲ ಆ ಮಂತ್ರಕ್ಕೆ ಹೆದರುತ್ತಿದ್ದರು.

ಎಷ್ಟೋ ವರ್ಷಗಳಾದ ಮೇಲೆ ನನಗೆ ಮೊದಲ ಪೋಸ್ಟಿಂಗು ಪಾವಗಡಕ್ಕೆ ಆಯಿತು. ಹೋದ ಹೊಸತರಲ್ಲಿ ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಡ್ಲೇಕಾಯಿ ಮಾರುವ ಹೆಂಗಸೊಬ್ಬಳು ಬುತ್ತಿ ಬಿಚ್ಚಿದಳು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ಬಗ್ಗಿ ನೋಡಿ ಕೇಳಿದಳು, "ಏಮಿ ವಂಡಿನಾವಕ್ಕಾ?" ಇವಳು ಹೇಳಿದಳು, "ಸಂಗಟಿ, ಪಪ್ಪು." ಏನು ಅಡುಗೆ ಮಾಡಿದೆ ಅಕ್ಕಾ? ಮುದ್ದೆ, ಬೇಳೆ. ನನ್ನ ಮಂತ್ರ ಅಷ್ಟೇ ಆಗಿತ್ತು. ನಮ್ಮ ಮನೆಯ ದೆವ್ವ ಅಷ್ಟು ದಿನ ಕತ್ತಲ ಕೋಣೆಯಲ್ಲಿ ಕೂತು ಕೇಳುತ್ತಿದ್ದದ್ದು, ಅಕ್ಕ ಏನು ಅಡುಗೆ ಮಾಡಿದ್ದಾಳೆ ಎಂದು. ಸಣ್ಣ ದನಿ ತನ್ನದು, ದಪ್ಪ ದನಿ ಅವಳು ಸದಾ ನೆನೆಯುತ್ತಿದ್ದ, ಬಲಸಮುದ್ರದಲ್ಲಿದ್ದ ಅಕ್ಕ ಓಬುಳಮ್ಮನದು. ನಾನು ಹತ್ತಬೇಕಿದ್ದ ಬಸ್ಸು ಕಣ್ಣ ಮುಂದೆಯೇ ಹೊರಟುಹೋಯಿತು.

ಅಷ್ಟು ಹೊತ್ತಿಗೆ ದೆವ್ವದ ಕತೆ ಮುಗಿದು ಬಹಳ ಕಾಲವಾಗಿತ್ತು. ಚಿಕ್ಕಪ್ಪನಿಗೆ ಮಧುಗಿರಿಯ ಆಫೀಸೊಂದರಲ್ಲಿ ಅಟೆಂಡರ್ ಕೆಲಸ ಸಿಕ್ಕಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಇಲ್ಲಿ ಪಾವಗಡದಿಂದ ತರಕಾರಿ ತರುವವರು, ಬಳೆ ಮಾರುವವರು, ಎದುರು ಮನೆಯವರು, ಎಲ್ಲರೊಡನೆ ತೆಲುಗಿನಲ್ಲಿ ಹರಟಿ ಚಿಕ್ಕಮ್ಮ ಒಂದೇ ತಿಂಗಳಲ್ಲಿ ಸರಿಹೋದಳು. ಹೈಸ್ಕೂಲಿನ ದಿನಗಳಲ್ಲಿ ಆ ಹರಟೆ ನನ್ನ ಕಿವಿಗೆ ಬೀಳುತ್ತಿದ್ದರೂ ಅದಕ್ಕೂ ನನ್ನ ಮಂತ್ರಕ್ಕೂ ನಂಟಿದೆ ಎಂದು ಹೊಳೆದಿರಲಿಲ್ಲ. ಅಜ್ಜಿ ಮಾತ್ರ ಅದರ ಪುಣ್ಯವನ್ನೆಲ್ಲ ಮಧುಗಿರಿಯ ಏಕಶಿಲೆಯ ಬೆಟ್ಟಕ್ಕೆ ಕೊಟ್ಟಳು. "ಅಷ್ಟು ದೊಡ್ಡ ಬಂಡೆ ಮುಂದೆ ಯಾವ ಗಾಳಿ ತಾನೇ ನಿಂತಾತು?" ಎನ್ನುತ್ತಿದ್ದಳು. ಪಾವಗಡದಲ್ಲಿ ಕಂಡುಹಿಡಿದದ್ದನ್ನು ನಾನು ಚಿಕ್ಕಮ್ಮನಿಗೆ ಹೇಳಿದಾಗ ಅವಳು ಮುದ್ದೆ ಕೋಲು ಹಿಡಿದುಕೊಂಡೇ ನಕ್ಕು, "ಆಯ್ತು ಬುಡಪ್ಪ, ಹಳೇ ಕತೆ" ಎಂದಳು. ಚಿಲಕ ಹೇಗೆ ಬಿಚ್ಚಿಕೊಳ್ಳುತ್ತಿತ್ತು, ಬಿಚ್ಚಿಕೊಂಡಿದ್ದರೂ ಏಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅಡುಗೆಮನೆಯಿಂದ ನಾನು ವಾಪಸ್ಸು ಬಂದಾಗ ಸಿನಿಮಾದ ಹೆಂಗಸು ಬಾಗಿಲು ಬಡಿಯುತ್ತಿದ್ದಳು. ಕೈಯೆಲ್ಲ ರಕ್ತ. ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯುತ್ತಿತ್ತು. ಸಿಂಚನ ದಿಂಬು ಅವಚಿಕೊಂಡಿದ್ದಳು, ಗಿರಿಜ ಹುಕ್ಸು ಹಾಕುವುದನ್ನು ನಿಲ್ಲಿಸಿದ್ದಳು. ಅಷ್ಟರಲ್ಲಿ ದಿವಾನದಿಂದ ಬೇಸರದ ದನಿಯೊಂದು ಬಂತು.

"ಪಿಚ್ಚಿದಾನಾ, ತಲುಪು ಎತ್ತವೇ."

"ಏನಂದ್ರು ಅಜ್ಜಿ?" ಎಂದಳು ಸಿಂಚನ.

"ಹುಚ್ಚೀ, ಬಾಗಿಲು ಎತ್ತೇ ಅಂದ್ರು" ಎಂದೆ.

ಟಿವಿಯ ಹೆಂಗಸು ಮಾತು ಕೇಳದೆ ಬಡಿಯುತ್ತಲೇ ಇದ್ದಳು. ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತನ್ನ ಕೋಣೆಯ ಬಾಗಿಲಿಗೆ ಹೋದಳು. ಹೀಗೆ, ನೋಡು ಎನ್ನುವಂತೆ ಟಿವಿಯ ಕಡೆ ತಿರುಗಿ, ಬಾಗಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ಅಲುಗಿಸಲು ನೋಡಿದಳು. ಆಗ ನನಗೆ ಎಲ್ಲ ತಿಳಿಯಿತು. ಹಳ್ಳಿಯ ಮನೆಯ ಬಾಗಿಲು ಕಲ್ಲಿನ ಕುಳಿಯಲ್ಲಿ ತಿರುಗುವಂಥದು. ಒಳಗಿನಿಂದ ಎತ್ತಿ ಅಲುಗಿಸಿದರೆ ಸರಪಳಿ ಸಡಿಲವಾಗಿ ಬಳೆ ಕೊಂಡಿಯಿಂದ ಜಾರಿಬೀಳುತ್ತಿತ್ತು. ಅಷ್ಟು ವರ್ಷ ಅವಳಿಗೆ ಬೇಕೆಂದಾಗ ಹೊರಗೆ ಬರುವುದು ಗೊತ್ತಿತ್ತು.

ಈಗಿನ ಬಾಗಿಲಿಗೆ ಕಬ್ಬಿಣದ ಕೀಲು. ಅದು ಮೇಲೇಳಲಿಲ್ಲ. ಚಿಕ್ಕಮ್ಮ ಇನ್ನೊಮ್ಮೆ ಎತ್ತಿದಳು. ಆಮೇಲೆ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಹೊಳೆಯುವ ಚಿಲಕ ಕಣ್ಣಿಗೆ ಬಿತ್ತು. ಬೆರಳಿನಿಂದ ಮುಟ್ಟಿ, ಹಿಂದಕ್ಕೆ ಮುಂದಕ್ಕೆ ಸರಿಸಿ ನೋಡಿದಳು. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

"ನಾಕಾ?"

ನನಗಾ ಎಂದು. ಸಿಟ್ಟಿರಲಿಲ್ಲ, ಅಂಗಡಿಯಿಂದ ತಂದ ಸೀರೆ ತನಗೋ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದ್ದಳು. ಗಿರಿಜಳಿಗೆ ತೆಲುಗು ಬರುವುದಿಲ್ಲ, ಅವಳು ಸಿರಾ ಕಡೆಯವಳು. ಆದರೂ ಅದು ಅವಳಿಗೆ ತಿಳಿಯಿತು. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ನಾನು ನನ್ನ ಮುರುಕು ತೆಲುಗಿನಲ್ಲಿ ಚಿಕ್ಕಮ್ಮನನ್ನು ಕೇಳಿದೆ. ಆವಾಗ ಚಿಲಕ ತೆಗೆಯಲು ಬರುತ್ತಿತ್ತಲ್ಲ, ಮತ್ತೆ ಏಕೆ ಹೋಗಲಿಲ್ಲ? ಅವಳು ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದಳು.

"ಯಾಡಿಕಿ ನಾಯನಾ? ಬಯಟ ಕನ್ನಡಮು. ಲೋಪಲ ಅಕ್ಕ."

ಎಲ್ಲಿಗೆ ಹೋಗಲಿ? ಹೊರಗೆ ಕನ್ನಡ, ಒಳಗೆ ಅಕ್ಕ. ಇಷ್ಟು ಹೇಳಿ ಹೋಗಿ ದಿವಾನದ ಮೇಲೆ ಕೂತಳು. ಕರುವಿಗೆ ನೀರು ಇಟ್ಟು, ಹುರುಳಿ ಒಳಗೆ ಹಾಕಿ, ಮತ್ತೆ ಕತ್ತಲ ಕೋಣೆಗೆ ಅವಳು ತಾನಾಗೇ ಹೋಗುತ್ತಿದ್ದದ್ದು ಇದಕ್ಕೆ. ಇಡೀ ಮನೆಯಲ್ಲಿ ಅವಳು ಬಾಯ್ತುಂಬ ಮಾತಾಡಬಹುದಾಗಿದ್ದ ಜಾಗ ಅದೊಂದೇ.

ನಲ್ಲಿಯ ಸದ್ದು ನಿಂತ ಮೇಲೆ, ಹಳ್ಳಿಯ ಆ ಕೋಣೆಯ ಕತೆಯನ್ನೆಲ್ಲ ಅಡುಗೆಮನೆಗೂ ಕೇಳುವ ಹಾಗೆ ಸಿಂಚನಳಿಗೆ ಹೇಳಿದೆ. ಸಿನಿಮಾ ಅದರ ಪಾಡಿಗೆ ಮುಗಿಯಿತು. ದೊಡ್ಡ ಟ್ವಿಸ್ಟ್ ಏನೆಂದರೆ, ಬಂಗಲೆಯ ಕೀ ಆ ಹೆಂಗಸಿನ ಸೊಂಟದಲ್ಲೇ ಇತ್ತು. ಬೀಗ ಹಾಕಿಕೊಂಡಿದ್ದವಳು ಅವಳೇ. "ಅಯ್ಯೋ ಅಪ್ಪಾ, ಅಜ್ಜಿ ಕತೆ ಮುಂದೆ ಇದು ಏನೂ ಅಲ್ಲ" ಎಂದು ಸಿಂಚನ ಟಿವಿ ಆರಿಸಿದಳು. ಅವಳಿಗೆ ಇದ್ದಕ್ಕಿದ್ದಂತೆ ಮನಶ್ಶಾಸ್ತ್ರದ ಪಾಠಗಳೆಲ್ಲ ಮರೆತ ಹಾಗಿತ್ತು.

ಕಾಫಿ ತರುವಾಗ ಗಿರಿಜಳ ಕಣ್ಣು ಕೆಂಪಗಿತ್ತು. ಆದರೆ ದನಿ ಸಮಾಧಾನವಾಗಿತ್ತು. "ಹಂಗಾದ್ರೆ ಕೋಣೆಯೊಳಗೆ ಇರೋದು ಅತ್ತೆಗೆ ಹೊಸದೇನಲ್ಲ ಅನ್ನಿ. ಒಳಗೇ ನೆಮ್ಮದಿಯಾಗಿದ್ರು ಅಂದಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ನಿಜ ಹೇಳುತ್ತೇನೆ, ನನಗೂ ಒಂದು ಗಳಿಗೆ ಹಗುರವಾಯಿತು. ನಾಳೆ ಚಿಲಕ ಹಾಕಬಹುದು, ಅವಳಿಗೇನೂ ಬೇಸರವಿಲ್ಲ, ಮೊದಲಿನಿಂದಲೂ ಹೀಗೇ. ಮನಸ್ಸು ಎಷ್ಟು ಬೇಗ ಒಪ್ಪಿಕೊಂಡಿತೆಂದರೆ ಅದಕ್ಕೇ ನನಗೆ ಭಯವಾಯಿತು. ಕಾಫಿ ಅರ್ಧಕ್ಕೆ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಕಾಲುಗಳೇ ಬಸ್ ಸ್ಟ್ಯಾಂಡಿಗೆ ಕರೆದೊಯ್ದವು.

ಬಿಸಿಲು ಇನ್ನೂ ಇತ್ತು, ಬೆಟ್ಟ ಕಾದ ಹೆಂಚಾಗಿತ್ತು. ಪಾವಗಡದ ಬಸ್ಸು ನಿಲ್ಲುವ ಕಡೆ, ಚಿಕ್ಕಮ್ಮ ಯಾವಾಗಲೂ ಹೋಗಿ ಕೂರುವ ಕಲ್ಲುಬೆಂಚಿನ ಮೇಲೆ ನಾನೂ ಕೂತೆ. ಅವಳು ತವರಿಗೆ ಹೋಗಲು ಇಲ್ಲಿಗೆ ಬರುತ್ತಾಳೆಂದು ನಾವು ಅಂದುಕೊಂಡು, ಹೋದ ವರ್ಷ ಕಾರು ಮಾಡಿಸಿ ಬಲಸಮುದ್ರಕ್ಕೆ ಕರೆದುಕೊಂಡು ಹೋಗಿದ್ದೆವು. ಅಕ್ಕ ಓಬುಳಮ್ಮ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವರ ಹೊಲಗಳಿದ್ದ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು. ಚಿಕ್ಕಮ್ಮ ಕಾರಿನಿಂದ ಇಳಿಯಲೇ ಇಲ್ಲ. "ಇದಿ ಕಾದು" ಎಂದಳು, ಇದಲ್ಲ ಎಂದು. ಹಾಗಾದರೆ ಯಾವುದು? ಅವತ್ತು ಅದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಪಕ್ಕದಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮಾತಾಡುತ್ತಿದ್ದರು. ಯಾರದೋ ಸೊಸೆ, ಯಾರದೋ ಎಮ್ಮೆ, ಮಧ್ಯೆ ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ಕೇಳುತ್ತ ಕೂತಿದ್ದವನಿಗೆ ತಟ್ಟನೆ ಹೊಳೆಯಿತು. ಚಿಕ್ಕಮ್ಮ ಈಗ ಎರಡು ದನಿಯಲ್ಲಿ ಮಾತಾಡುವುದಿಲ್ಲ. ಕೇಳುತ್ತಾಳೆ, ಕಾಯುತ್ತಾಳೆ, ಎದ್ದು ಹೊರಡುತ್ತಾಳೆ. ಕೇಳುವ ಸಣ್ಣ ದನಿ ಉಳಿದಿದೆ, ಹೇಳುವ ದಪ್ಪ ದನಿ ಮರೆತುಹೋಗಿದೆ. ಒಳಗೆ ಅಕ್ಕ ಇಲ್ಲ. ಉತ್ತರ ಕೇಳಿಸುವ ಜಾಗ ಈ ಬೆಂಚು, ಅದಕ್ಕೇ ಇಲ್ಲಿಗೆ ಬರುತ್ತಾಳೆ. ಆವಾಗ ಕೋಣೆಯಲ್ಲಿ ಇಬ್ಬರಿದ್ದರು. ಈಗ ಚಿಲಕ ಹಾಕಿದರೆ ಅವಳೊಬ್ಬಳೇ ಇರುತ್ತಾಳೆ.

ಹೋದದ್ದಕ್ಕಿಂತ ಬೇಗ ಮನೆಗೆ ಬಂದೆ. ಬರುವಷ್ಟರಲ್ಲಿ ಚಿಕ್ಕಮ್ಮ ತನ್ನ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. "ಏಮಿ ವಂಡಿನಾವಕ್ಕಾ?" ಎಂದಳು. ಕಾದಳು. ಕಾಲು ಚಪ್ಪಲಿ ಹುಡುಕಲು ಶುರು ಮಾಡಿತು. ಗಿರಿಜ ಚಿಲಕದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತು, ದನಿಯನ್ನು ಆದಷ್ಟು ದಪ್ಪ ಮಾಡಿಕೊಂಡು ಹೇಳಿದೆ.

"ಸಂಗಟಿ, ಪಪ್ಪು."

ಕಾಲು ನಿಂತಿತು. ಅವಳು ತಿರುಗಲಿಲ್ಲ. ಗೋಡೆಯ ಕಡೆಗೇ ನೋಡುತ್ತ, "ನಾಕು ಪೆಟ್ಟವಾ?" ಎಂದಳು. ನನಗೆ ಬಡಿಸುವುದಿಲ್ಲವಾ ಎಂದು.

"ರಾ, ಕೂಚೋ" ಎಂದೆ. ಬಾ, ಕೂತ್ಕೋ.

ಅವಳು ಕಾಲು ಮೇಲೆತ್ತಿಕೊಂಡು ಸರಿಯಾಗಿ ಕೂತಳು. ಯಾವುದೋ ಮೇಕೆಯ ಮಾತು ತೆಗೆದಳು. ನನಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೆ ಹೂಂ ಎಂದೆ.

ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. 'ನುವ್ವು ಅಕ್ಕ ಕಾದು', ನೀನು ಅಕ್ಕ ಅಲ್ಲ ಎಂದು ಅವಳು ನನ್ನನ್ನು ಹೊರಗೆ ಕಳಿಸುವ ದಿನಗಳೂ ಇವೆ. ಅಂಥ ದಿನ ಅವಳು ಹೊರಟರೆ ನಾವೂ ಜೊತೆಗೆ ಹೊರಟು, ಬೆಂಚಿನ ಮೇಲೆ ಕೂತು, ಬಸ್ಸು ಹೋದ ಮೇಲೆ ಕರೆದುಕೊಂಡು ಬರುತ್ತೇವೆ. ಶಾಲೆಯಲ್ಲಿ ಪಾಠ ಮಾಡುವಾಗ ಈಗಲೂ ನನ್ನ ಕಿವಿ ರಸ್ತೆಯ ಕಡೆ ಇರುತ್ತದೆ. ಯಾವ ಲಾರಿ ಬ್ರೇಕು ಹಾಕಿದರೂ ಸೀಮೆಸುಣ್ಣ ಕೈಯಲ್ಲೇ ನಿಲ್ಲುತ್ತದೆ.

ಆದರೆ ಆ ಸೋಮವಾರ ಗಿರಿಜ ಚಿಲಕ ಹಾಕಲಿಲ್ಲ. ನಾನೂ ಸಿಂಚನಳೂ ಏನೂ ಹೇಳಿರಲಿಲ್ಲ. ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಅವಳು ಸೆರಗು ಕಟ್ಟಿಕೊಂಡು, "ಆ ಕಡೆ ಹಿಡ್ಕಳ್ರಿ" ಎಂದಳು. ಇಬ್ಬರೂ ಸೇರಿ ಹೊಲಿಗೆ ಮಿಷಿನ್ನನ್ನು ಎತ್ತಿ ಚಿಕ್ಕಮ್ಮನ ಕೋಣೆಯಲ್ಲಿಟ್ಟೆವು. ಬೆಳಕು ಸಾಲದೆಂದು ದೊಡ್ಡ ಬಲ್ಬು ಹಾಕಿದೆವು. ಆಮೇಲೆ ಅವಳು ನನ್ನನ್ನು ನಿಲ್ಲಿಸಿಕೊಂಡು, "ಅದೇನೋ ಹೇಳಿದ್ರಲ್ಲ ನಿನ್ನೆ, ಅದನ್ನ ಬಿಡಿಸಿ ಬಿಡಿಸಿ ಹೇಳಿಕೊಡಿ" ಎಂದಳು. ಹೇಳಿಕೊಟ್ಟೆ. ಶಾಲೆಗೆ ತಡವಾಯಿತು.

ಮೊನ್ನೆ ಮಧ್ಯಾಹ್ನ ಸ್ವಲ್ಪ ಬೇಗ ಮನೆಗೆ ಬಂದೆ. ಚಿಲಕಕ್ಕೆ ಗಿರಿಜಳ ಅಳತೆ ಟೇಪು ನೇತುಬಿದ್ದಿತ್ತು. ಬ್ಲೌಸು ತೆಗೆದುಕೊಳ್ಳಲು ಬಂದ ಹಿಂದಿನ ಬೀದಿಯ ಹೆಂಗಸು ನಡುಮನೆಯಲ್ಲಿ ಕೂತು, ಅರೆತೆರೆದ ಬಾಗಿಲ ಕಡೆಯೇ ಕಿವಿಯಿಟ್ಟಿದ್ದರು. ಒಳಗೆ ಸಣ್ಣ ದನಿ ಏನೋ ಕೇಳಿತು. ಮಿಷಿನ್ನಿನ ಸದ್ದು ನಿಂತಿತು. ಸಿರಾ ಕಡೆಯ ಕನ್ನಡದ ಬಾಯಲ್ಲಿ ತೊಡರಿಕೊಂಡ ತೆಲುಗು ಉತ್ತರ ಬಂತು, "ಸಂಗಟಿ, ಪಪ್ಪು. ರಾ, ಕೂಚೋ." ಆ ಉಚ್ಚಾರಕ್ಕೆ ಚಿಕ್ಕಮ್ಮ ಜೋರಾಗಿ ನಕ್ಕಳು, ಗಿರಿಜಳೂ ನಕ್ಕಳು.

ಹೆಂಗಸು ನನ್ನನ್ನು ಕಂಡು ದನಿ ತಗ್ಗಿಸಿ ಕೇಳಿದರು. "ಏನ್ ಸಾರ್, ಅಂಜಿನಮ್ಮಾರು ಒಬ್ರೇ ಮಾತಾಡ್ಕಳ್ತಾರೆ ಅಂತಿದ್ರು ಬೀದಿಯೋರು. ಒಳಗೆ ಯಾರವ್ರೆ?"

ನಾನು ಚಪ್ಪಲಿ ಬಿಡುತ್ತ ಹೇಳಿದೆ.

"ಒಳಗೆ ಇಬ್ಬರಿದ್ದಾರೆ ಕಣಮ್ಮ."